ಜೊಟೆರೊ ಜೊತೆ ಇಷ್ಟು ವರ್ಷ: ಏನು ಹಿಡಿಸಿತು, ಏನು ಹಿಡಿಸಲಿಲ್ಲ

ಓದಿದ ಲೇಖನಗಳನ್ನು ಒಂದೆಡೆ ಕೂಡಿಟ್ಟುಕೊಂಡು, ಬರೆಯಲು ಕೂತಾಗ ಉಲ್ಲೇಖಗಳನ್ನು ತಾನೇ ಹೊಂದಿಸಿಕೊಡುವ ತಂತ್ರಾಂಶ ಜೊಟೆರೊ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಬಾಲಂಗೋಚಿಯಾಗಿ ಹುಟ್ಟಿದ್ದು ಈಗ ಸ್ವಂತ ಕಾಲ ಮೇಲೆ ನಿಂತಿದೆ. ನಡೆಸುತ್ತಿರುವುದು ಲಾಭರಹಿತ ಸಂಸ್ಥೆ, ಕೋಡ್ ಎಲ್ಲರಿಗೂ ಮುಕ್ತ. ಐದನೇ ಆವೃತ್ತಿಯ ಕಾಲದಿಂದ ನಾನು ಇದನ್ನು ಹೆಚ್ಚುಕಡಿಮೆ ದಿನವೂ ತೆರೆಯುತ್ತಿದ್ದೇನೆ.

ಉಲ್ಲೇಖ ಬರೆಯುವ ಎಪಿಎ ಶೈಲಿಯಿಂದ ವ್ಯಾಂಕೂವರ್ ಶೈಲಿಗೆ ಒಂದೇ ಕ್ಲಿಕ್ಕಿನಲ್ಲಿ ಹೋಗಬಹುದು, ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ, ಪಿಡಿಎಫ್ ಓದಿ ಗೆರೆ ಎಳೆಯುವ ಸೌಲಭ್ಯ 2022ರಲ್ಲಿ ಒಳಗೇ ಬಂತು. ಇದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೇಳಬೇಕೆಂದಿರುವುದು ಮಾಂತ್ರಿಕ ದಂಡದ ಚಿತ್ರವಿರುವ ಆ ಪುಟ್ಟ ಗುಂಡಿಯ ಬಗ್ಗೆ.

ಅದನ್ನು ಒತ್ತಿ ಒಂದು ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತಿನ ಸಂಖ್ಯೆ, ಅಂಟಿಸಿದರೆ ಲೇಖಕರು, ಪತ್ರಿಕೆ, ಸಂಪುಟ, ಪುಟ ಎಲ್ಲ ತಾವಾಗಿ ತುಂಬಿಕೊಳ್ಳುತ್ತವೆ. ಈ ವಿವರ ಬಹುಪಾಲು ಬರುವುದು ಕ್ರಾಸ್‌ರೆಫ್‌ನಿಂದ. 2000ದಲ್ಲಿ ಪ್ರಕಾಶಕರೇ ಸೇರಿ ಕಟ್ಟಿಕೊಂಡ ನೋಂದಣಿ ವ್ಯವಸ್ಥೆ ಅದು. ಮೊದಮೊದಲು ನನಗೆ ಈ ಗುಂಡಿ ಟೈಪಿಂಗ್ ಉಳಿಸುವ ಉಪಾಯ, ಅಷ್ಟೆ. ಈಗ ಅದು ನಾನು ದಿನವೂ ಬಳಸುವ ಒರೆಗಲ್ಲು.

ಏಕೆಂದರೆ ಪರಿಶೀಲನೆಗೆಂದು ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಈಚೆಗೆ ಹೊಸ ಜಾತಿಯ ಉಲ್ಲೇಖಗಳು ಕಾಣಿಸಿಕೊಳ್ಳುತ್ತಿವೆ. ಲೇಖಕರ ಹೆಸರು ನಿಜ, ಆ ಕ್ಷೇತ್ರದಲ್ಲಿ ದುಡಿದವರೇ. ಪತ್ರಿಕೆಯೂ ನಿಜ. ಶೀರ್ಷಿಕೆ ನೋಡಿದರೆ ‘ಅರೆ, ಇದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ’ ಅನ್ನಿಸಬೇಕು, ಅಷ್ಟು ಚೊಕ್ಕ. ಕೊನೆಯಲ್ಲಿರುವ ಡಿಒಐಯನ್ನು ಗುಂಡಿಯ ಪೆಟ್ಟಿಗೆಗೆ ಅಂಟಿಸಿ ಎಂಟರ್ ಒತ್ತಿದರೆ, ಗ್ರಂಥಾಲಯ ವಿಜ್ಞಾನದ ಲೇಖನ ಬರಬೇಕಾದ ಜಾಗದಲ್ಲಿ ಮೀನಿನ ಕಿವಿರಿನ ಮೇಲಿನ ಲೇಖನ ಬಂದು ಕೂರುತ್ತದೆ. ಇಲ್ಲವಾದರೆ ಏನೂ ಸಿಗಲಿಲ್ಲ ಎಂಬ ಸೂಚನೆ. ಇಂಥವನ್ನು ದಿಟ್ಟಿಸಿ ನೋಡಿದರೆ ಸಾಮಾನ್ಯವಾಗಿ 10 ಎಂದು ಶುರುವಾಗುವ, ಪ್ರಕಾಶಕರನ್ನು ಗುರುತಿಸುವ ಮೊದಲ ಭಾಗ ಸರಿಯಾಗಿರುತ್ತದೆ. ಓರೆಗೆರೆಯ ಆಚೆಗಿನ ಬಾಲ ಮಾತ್ರ ಕಟ್ಟುಕತೆ. ಇವು ಎಐ ಚಾಟ್‌ಬಾಟ್ ಬರೆದುಕೊಟ್ಟ ಉಲ್ಲೇಖಗಳು. ಅದು ಡಿಒಐಯನ್ನು ಹುಡುಕಿ ತರುತ್ತಿಲ್ಲ, ಸಹಜವಾಗಿ ಕಾಣುವ ಅಂಕಿಗಳನ್ನು ಒಂದರ ಪಕ್ಕ ಒಂದು ಪೋಣಿಸುತ್ತಿದೆ. ಕ್ರಾಸ್‌ರೆಫ್‌ನ ನೋಂದಣಿ ಪುಸ್ತಕಕ್ಕೆ ಆ ನಯ ನಾಜೂಕು ಗೊತ್ತಿಲ್ಲ. ಅಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಡಿಒಐ ಸರಿಯಿದ್ದ ಮಾತ್ರಕ್ಕೆ ಆ ಲೇಖನ ಅದೇ ಮಾತನ್ನು ಹೇಳಿದೆ ಎಂದೇನಲ್ಲ. ಅದನ್ನು ತೆರೆದು ಓದಿಯೇ ತಿಳಿಯಬೇಕು. ಹಾಗೆಯೇ ಹಳೆಯ ಪುಸ್ತಕಗಳಿಗೆ, ಸಣ್ಣ ಪತ್ರಿಕೆಗಳಿಗೆ ಡಿಒಐ ಇಲ್ಲದಿರುವುದೇ ಹೆಚ್ಚು. ಸಿಗಲಿಲ್ಲ ಎಂದಾಕ್ಷಣ ಸುಳ್ಳು ಎಂದು ಷರಾ ಬರೆಯುವ ಹಾಗಿಲ್ಲ.

ಇನ್ನೊಂದು ಮೆಚ್ಚುಗೆ, ಕೆಂಪು ಪಟ್ಟಿಗೆ. ಪ್ರಕಟವಾದ ಮೇಲೆ ಹಿಂತೆಗೆದುಕೊಂಡ ಲೇಖನ ನಿಮ್ಮ ಸಂಗ್ರಹದಲ್ಲಿದ್ದರೆ ಜೊಟೆರೊ ಅದರ ಮೇಲೆ ಕೆಂಪು ಎಚ್ಚರಿಕೆ ತೋರಿಸುತ್ತದೆ, ವರ್ಡ್‌ನಲ್ಲಿ ಉಲ್ಲೇಖಿಸಲು ಹೊರಟರೆ ತಡೆದು ಕೇಳುತ್ತದೆ. ನೀವು ಲೇಖನವನ್ನು ಉಳಿಸಿಕೊಂಡು ಎಷ್ಟು ಕಾಲವಾಗಿದ್ದರೂ ಸರಿ. 2019ರಿಂದ ಇದಕ್ಕೆ ಆಧಾರ, ಹಿಂತೆಗೆದ ಲೇಖನಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶ. 2023ರಲ್ಲಿ ಕ್ರಾಸ್‌ರೆಫ್ ಆ ದತ್ತಾಂಶವನ್ನು ಕೊಂಡು ಯಾರು ಬೇಕಾದರೂ ಬಳಸಲೆಂದು ತೆರೆದಿಟ್ಟಿತು. ಪಿಡಿಎಫ್ ಹುಡುಕುವಾಗಲೂ ಹೀಗೇ: ಅನ್‌ಪೇವಾಲ್‌ನ ಮುಕ್ತ ದತ್ತಾಂಶದ ನೆರವಿನಿಂದ ಲೇಖನದ ಉಚಿತ ಪ್ರತಿ ಎಲ್ಲಿದ್ದರೂ ಎಳೆದು ತರುತ್ತದೆ. ಜೊಟೆರೊದ ಅರ್ಧ ಜಾಣತನ ಅದರ ಒಳಗಿಲ್ಲ, ಈ ಮುಕ್ತ ಕಣಜಗಳಲ್ಲಿದೆ.

ಇಂಥ ಮುಕ್ತತೆ ಕಷ್ಟಕಾಲಕ್ಕೂ ಒದಗುತ್ತದೆ. ಮೈಕ್ರೋಸಾಫ್ಟ್ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ತನ್ನ ಅಕಾಡೆಮಿಕ್ ಸೇವೆಯನ್ನು 2021ರ ಕೊನೆಗೆ ಮುಚ್ಚಿತು. ಅದರ ದತ್ತಾಂಶವನ್ನು ಯಾರು ಬೇಕಾದರೂ ಮರುಬಳಸುವ ಪರವಾನಗಿ ಇದ್ದುದರಿಂದ 2022ರ ಜನವರಿಯಲ್ಲೇ ಓಪನ್‌ಅಲೆಕ್ಸ್ ಎಂಬ ಮುಕ್ತ ಲೇಖನ ಸೂಚಿ ಅಲ್ಲಿಂದ ಮುಂದುವರಿಯಲು ಸಾಧ್ಯವಾಯಿತು. ಜೊಟೆರೊ ನಾಳೆ ನಿಂತರೂ ನನ್ನ ಸಂಗ್ರಹ ನನ್ನ ಡಿಸ್ಕಿನಲ್ಲೇ ಇರುತ್ತದೆ. ಬಿಬ್‌ಟೆಕ್, ಆರ್‌ಐಎಸ್‌ನಂಥ, ಬೇರೆ ತಂತ್ರಾಂಶಗಳೂ ಓದುವ ಕಡತದ ರೂಪದಲ್ಲಿ ಹೊರತೆಗೆದು ಬೇರೆಡೆ ಸುರಿದುಕೊಳ್ಳಬಹುದು.

ಕೊರತೆಗಳೂ ಇವೆ. ಜೊಟೆರೊದ ಸರ್ವರ್‌ನಲ್ಲಿ ಉಚಿತವಾಗಿ ಸಿಗುವ 300 ಎಂಬಿ ಜಾಗ ಪಿಡಿಎಫ್ ಸೇರಿಸತೊಡಗಿದರೆ ಬೇಗ ಭರ್ತಿ. ವೆಬ್‌ಡ್ಯಾವ್ ಎಂಬ ಕಡತ ಹಂಚಿಕೆಯ ವಿಧಾನದ ಮೂಲಕ ಸ್ವಂತ ಜಾಗ ಜೋಡಿಸಿಕೊಳ್ಳಬಹುದು, ಆದರೆ ಗುಂಪಿನ ಸಂಗ್ರಹಕ್ಕೆ ಅದು ನಡೆಯುವುದಿಲ್ಲ. ಪ್ರಕಾಶಕರು ಕೊಟ್ಟ ಮಾಹಿತಿಯಲ್ಲಿ ತಪ್ಪಿದ್ದರೆ ಅದೂ ಹಾಗೇ ಇಳಿದು ಬರುತ್ತದೆ: ಇಡೀ ಶೀರ್ಷಿಕೆ ದೊಡ್ಡಕ್ಷರದಲ್ಲಿ, ಲೇಖಕರ ಹೆಸರಿನ ಅರ್ಧ ಭಾಗವೇ ಮಾಯ. ತಿದ್ದುವ ಕೆಲಸ ನಮ್ಮದೇ. ಗೂಗಲ್ ಡಾಕ್ಸ್‌ನ ಉದ್ದನೆಯ ಕಡತಗಳಲ್ಲಿ ಉಲ್ಲೇಖಗಳು ಹೊಸದಾಗುವಷ್ಟರಲ್ಲಿ ತಾಳ್ಮೆ ಪರೀಕ್ಷೆ. 2024ರ ಏಳನೇ ಆವೃತ್ತಿಗೆ ತಳಪಾಯವೇ ಬದಲಾದ್ದರಿಂದ ಹೊರಗಿನವರು ಬರೆದ ಹಳೆಯ ಪ್ಲಗಿನ್‌ಗಳನ್ನು, ಅಂದರೆ ಹೆಚ್ಚುವರಿ ಜೋಡಣೆಗಳನ್ನು, ಮತ್ತೆ ಬರೆಯಬೇಕಾಯಿತು. ಹೇಳುವವರು ಕೇಳುವವರು ಇಲ್ಲದ ಪ್ಲಗಿನ್‌ಗಳು ಅಲ್ಲೇ ಉಳಿದವು.

ಪ್ಲಗಿನ್ ಅಂದಾಗ ನೆನಪಾಯಿತು. ಸಂಗ್ರಹದಲ್ಲಿರುವ ಪಿಡಿಎಫ್‌ಗಳ ಜೊತೆ ಮಾತಾಡಿಸುತ್ತೇವೆ ಎನ್ನುವ ಎಐ ಪ್ಲಗಿನ್‌ಗಳು ಈಗ ಬೇಕಾದಷ್ಟಿವೆ. ಪ್ರಕಟಿತ ಲೇಖನಗಳ ರಾಶಿಯಲ್ಲಿ ‘ಆ ಮಾದರಿ ಬಳಸಿದವರು ಯಾರು’ ಎಂದು ಕೇಳಲು ಸೊಗಸು. ಆದರೆ ಇವುಗಳಲ್ಲಿ ಹಲವು ಪಠ್ಯವನ್ನು ಹೊರಗಿನ ಸರ್ವರ್‌ಗೆ ಕಳಿಸುತ್ತವೆ. ಪರಿಶೀಲನೆಗೆ ಬಂದ, ಇನ್ನೂ ಪ್ರಕಟವಾಗದ ಹಸ್ತಪ್ರತಿಯನ್ನು ನಾನಂತೂ ಅದಕ್ಕೆ ತೋರಿಸುವುದಿಲ್ಲ. ಗೋಪ್ಯತೆಯ ಇದೇ ಕಾರಣಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ತನ್ನ ಅನುದಾನ ಅರ್ಜಿಗಳ ಪರಿಶೀಲಕರು ಉತ್ಪಾದಕ ಎಐ ಬಳಸುವುದನ್ನು 2023ರಲ್ಲೇ ನಿಷೇಧಿಸಿದೆ. ಎಐ ಮಾದರಿಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸಿಕೊಳ್ಳುವುದಾದರೆ ಮಾತು ಬೇರೆ.

ಹೊಸದಾಗಿ ಹಾಕಿಕೊಳ್ಳುವವರಿಗೆ ಒಂದು ಕಿವಿಮಾತು. ಜಾಗ ಉಳಿಸುವ ಆಸೆಗೆ ಜೊಟೆರೊದ ದತ್ತಾಂಶ ಫೋಲ್ಡರನ್ನು ಡ್ರಾಪ್‌ಬಾಕ್ಸ್‌ನಂಥ ಕಡೆ ಇಡಬೇಡಿ, ಡೇಟಾಬೇಸ್ ಕೆಡುವ ಅಪಾಯವಿದೆ ಎಂದು ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಸಿಂಕ್‌ಗೆ ಅದರದೇ ವ್ಯವಸ್ಥೆ ಬಳಸಿ, ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆಯಿರಿ, ಅದೂ ಜೊಟೆರೊ ಮುಚ್ಚಿದ ಮೇಲೆ.