ದಾಲಾತ್‌ನಲ್ಲಿ ಹಗ್ಗ ಹಿಡಿದು ಜಲಪಾತ ಇಳಿಯುವ ಮುಂಚೆ ಇದನ್ನು ಓದಿ

ವಿಯೆಟ್ನಾಂಗೆ ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ದಾಲಾತ್‌ಗೂ ಹೋಗುತ್ತಾರೆ. ಸುಮಾರು 1,500 ಮೀಟರ್ ಎತ್ತರದ ಊರು, ತಂಪು ಹವೆ, ಪೈನ್ ಮರ, ಕಾಫಿ ತೋಟ. ಅಲ್ಲಿ ಕ್ಯಾನ್ಯನಿಂಗ್ ಮಾಡಿಸುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜಲಪಾತದ ಬಂಡೆಯ ಮೇಲೆ ಹಿಮ್ಮುಖವಾಗಿ ಇಳಿಯುವುದು, ಮೇಲಿಂದ ಮಡುವಿಗೆ ಹಾರುವುದು. ಸರಿಯಾಗಿ ಮಾಡಿಸಿದರೆ ಒಳ್ಳೆಯ ಅನುಭವವೇ. ನಮಗೆ ಮಾಡಿಸಿದ ರೀತಿ ಮಾತ್ರ ಯಾರಿಗೂ ಬೇಡ.

ನಾನು, ತಮ್ಮ, ಅವನ ಹೆಂಡತಿ ಆಗಸ್ಟ್‌ನಲ್ಲಿ ಹೋಗಿದ್ದೆವು. ಇಳಿದುಕೊಂಡಿದ್ದ ಕಡೆಯವರೇ ಬುಕ್ ಮಾಡಿಕೊಟ್ಟರು. ಫೋಟೋದಲ್ಲಿ ತೋರಿಸಿದ್ದು ದಾತಾನ್ಲಾ ಜಲಪಾತ. ಊರಿಗೆ ಹತ್ತಿರ, ಪ್ರೆನ್ ಘಾಟಿಯ ದಾರಿಯಲ್ಲಿದೆ. ಬೆಳಿಗ್ಗೆ ವ್ಯಾನ್ ನಿಂತಿದ್ದು ಯಾವುದೋ ಕಾಫಿ ತೋಟದ ಕೊನೆಯಲ್ಲಿ. ಟಿಕೆಟ್ ಕೌಂಟರ್ ಇಲ್ಲ, ಬೇರೆ ತಂಡಗಳೂ ಇಲ್ಲ. ಕೇಳಿದರೆ, ಇದೂ ಅಂಥದ್ದೇ, ಇಲ್ಲಿ ಜನ ಕಡಿಮೆ ಅಂದರು.

ಒಂಬತ್ತು ಜನಕ್ಕೆ ಒಬ್ಬನೇ ಗೈಡ್. ದೊಡ್ಡ ಅಪಾಯ ಇದ್ದದ್ದು ಇಲ್ಲೇ. ಇಳಿಯುವವರಿಗೆ ಮೇಲೊಬ್ಬ, ಕೆಳಗೊಬ್ಬ ಬೇಕು. ಮೇಲಿನವನು ಕೊಕ್ಕೆ, ಬಕಲ್ ನೋಡಿ ಕಳಿಸುತ್ತಾನೆ. ಕೆಳಗಿನವನು ಹಗ್ಗದ ತುದಿ ಹಿಡಿದು ಕಣ್ಣಿಟ್ಟಿರುತ್ತಾನೆ. ನಮ್ಮ ಕೈ ಬಿಟ್ಟುಹೋದರೂ ಅವನು ಹಗ್ಗ ಬಿಗಿಯಾಗಿ ಎಳೆದರೆ ಅಲ್ಲೇ ನಿಲ್ಲುತ್ತೇವೆ. ಇಲ್ಲವೇ ಮೇಲಿನಿಂದ ಎರಡನೇ ಹಗ್ಗ ಇರಬೇಕು. ನಮಗೆ ಎರಡೂ ಇರಲಿಲ್ಲ. ಒಣ ದಿಬ್ಬದ ಮೇಲೆ ಮೊದಲು ಅಭ್ಯಾಸ ಮಾಡಿಸಬೇಕು, ಅದನ್ನೂ ಬಿಟ್ಟರು. ತಮ್ಮನ ಹೆಂಡತಿಯ ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿಯೇ ಇಲ್ಲ. ಅವಳು ಇಳಿಯುವುದಿಲ್ಲ ಎಂದು ಕೂತಳು. ಧೈರ್ಯದ ಹುಡುಗಿ, ಎಲ್ಲರ ಮುಂದೆ ಹಾಗೆ ಹೇಳುವುದು ಸುಲಭ ಅಲ್ಲ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ, ಮಧ್ಯಾಹ್ನದ ಮೇಲೆ ಜೋರು. ಆ ದಿನ ಬೇಗನೇ ಶುರುವಾಯಿತು. ನೀರು ಕೆಂಪಾಗಿ ಏರತೊಡಗಿದರೂ ನಿಲ್ಲಿಸಲಿಲ್ಲ. ತಮ್ಮ ಅರ್ಧ ಇಳಿದಿದ್ದಾಗ ಕಾಲು ಜಾರಿತು, ಕೈಯಿಂದ ಹಗ್ಗ ಸರ್ರನೆ ಓಡಿತು. ಕೆಳಗೆ ಹಿಡಿಯಲು ಯಾರೂ ಇಲ್ಲವಲ್ಲ! ಬಂಡೆಗೆ ಬಡಿದು ನೀರಿಗೆ ಬಿದ್ದ. ಅಂಗೈ ಸುಲಿದಿತ್ತು, ಮಣಿಕಟ್ಟು ಮುರಿದಿತ್ತು. ಅವನನ್ನು ರಸ್ತೆಗೆ ಹತ್ತಿಸಿದ್ದು ಜೊತೆಗಿದ್ದ ಪ್ರವಾಸಿಗರು. ನಾನು ಅಷ್ಟು ಹೆದರಿದ್ದು ಹಿಂದೆಂದೂ ಇಲ್ಲ.

ಸುಮ್ನೆ ಹೆದರಿಸಲು ಬರೆಯುತ್ತಿಲ್ಲ. 2016ರ ಫೆಬ್ರವರಿಯಲ್ಲಿ ದಾತಾನ್ಲಾದಲ್ಲೇ ಮೂವರು ಬ್ರಿಟಿಷ್ ಪ್ರವಾಸಿಗರು ಸತ್ತರು. ಅದು ಮಳೆಗಾಲವೂ ಅಲ್ಲ.

ಹಾಗಾಗಿ ಬುಕ್ ಮಾಡುವಾಗ ಯಾವ ಜಲಪಾತ ಎಂದು ಬರವಣಿಗೆಯಲ್ಲಿ ಕೇಳಿ. ಕ್ಯಾನ್ಯನಿಂಗ್‌ಗೇ ಪರವಾನಗಿ ಇದೆಯಾ, ಎಷ್ಟು ಜನಕ್ಕೆ ಎಷ್ಟು ಗೈಡ್, ಮಳೆ ಬಂದರೆ ದುಡ್ಡು ವಾಪಸ್ಸಾ, ಇದನ್ನೆಲ್ಲ ಕೇಳಿ. ಬೇರೆ ಜಾಗಕ್ಕೆ ಕರೆದೊಯ್ದರೆ ವ್ಯಾನಿನಿಂದ ಇಳಿಯಲೇಬೇಡಿ. ದುಡ್ಡು ಹೋದರೆ ಹೋಗಲಿ. ಆಂಬುಲೆನ್ಸ್‌ಗೆ ಅಲ್ಲಿ 115.

ಇನ್ಶೂರೆನ್ಸ್ ವಿಷಯ ಬೇರೆಯೇ ಕಥೆ. "ವಿಮೆ ಸೇರಿದೆ" ಅಂದಿದ್ದರು. ಕೊನೆಗೆ ತೋರಿಸಿದ್ದು ನಮ್ಮ ಹತ್ತಿರ ಸಹಿ ಹಾಕಿಸಿಕೊಂಡಿದ್ದ ಹಾಳೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಅದರಲ್ಲಿತ್ತು. ಆಮೇಲೆ ಅವರ ಫೋನ್ ಆಫ್. ನಾವು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿದ್ದ ಟ್ರಾವೆಲ್ ಪಾಲಿಸಿಯಲ್ಲೂ ಸಾಹಸ ಕ್ರೀಡೆಗೆ ರಕ್ಷಣೆ ಇರಲಿಲ್ಲ. ಅದಕ್ಕೆ ಪ್ರತ್ಯೇಕವಾಗಿ ದುಡ್ಡು ಕಟ್ಟಿ ಸೇರಿಸಬೇಕಂತೆ. ಆಸ್ಪತ್ರೆ ಬಿಲ್ ಪೂರ್ತಿ ಕೈಯಿಂದಲೇ ಹೋಯಿತು. ನಿಮ್ಮ ಪಾಲಿಸಿಯಲ್ಲಿ "ಒಳಗೊಳ್ಳದವು" ಎಂಬ ಪಟ್ಟಿ ಇರುತ್ತದೆ. ಹೊರಡುವ ಮೊದಲು ಅದನ್ನು ಓದಿ, ಕ್ಯಾನ್ಯನಿಂಗ್‌ಗೆ ರಕ್ಷಣೆ ಇದೆಯಾ ಎಂದು ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ.