ಜೋಳ ಬೀಸಿಸಲು ಶಹಾಬಜಾರದ ಗಿರಣಿ: ಕಲ್ಲು ಚಲೋ, ಭಾನುವಾರ ಬೇಡ

ರೊಟ್ಟಿ ಬಡಿಯುವಾಗ ಅಂಚು ಬಿರಿದರೆ ಮೊದಲು ಎಸರನ್ನು ಬೈಯುತ್ತಾರೆ, ಆಮೇಲೆ ಜೋಳವನ್ನು. ಎಷ್ಟೋ ಸಲ ತಪ್ಪು ಗಿರಣಿ ಕಲ್ಲಿನದು. ಕಲಬುರಗಿಯ ಶಹಾಬಜಾರ ಕಡೆಯ ಈ ಸಣ್ಣ ಗಿರಣಿಗೆ ಮಂದಿ ಡಬ್ಬಿ ಹೊತ್ತು ಬರುವುದು ಆ ಕಲ್ಲಿಗಾಗಿಯೇ.

ಜೋಡಿ ಕಲ್ಲಿನಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಸಂದನ್ನು ಕೈಚಕ್ರ ತಿರುವಿ ಹೊಂದಿಸುತ್ತಾರೆ. ಕಲ್ಲಿನ ಮೈಮೇಲಿನ ಗೀರು ಸವೆದು ನುಣ್ಣಗಾದರೆ ಕಾಳು ಒಡೆಯುವ ಬದಲು ಬರೀ ತಿಕ್ಕಾಡಿ ಕಾಯುತ್ತದೆ. ಸಣ್ಣಗಾಗಲೆಂದು ಸಂದು ಇನ್ನಷ್ಟು ಬಿಗಿ ಮಾಡಿದರೆ ಹಿಟ್ಟು ಸೀದು ಜಿಗಿ ಕಳೆದುಕೊಳ್ಳುತ್ತದೆ. ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು, ಅಂದರೆ ಗ್ಲುಟೆನ್, ಜೋಳದಲ್ಲಿ ಇಲ್ಲ. ಕುದಿ ಎಸರಿಗೆ ಪಿಷ್ಟ ಬೆಂದು ಬರುವ ಆ ಜಿಗಿಯೊಂದೇ ರೊಟ್ಟಿಗೆ ಆಧಾರ. ಇಲ್ಲಿ ಹಿಟ್ಟು ಬೀಳುವ ಬಾಯಿಗೆ ಕೈ ಒಡ್ಡಿದರೆ ಬೆಚ್ಚಗೆ ಹತ್ತುತ್ತದೆ, ಚುರ್ ಅನ್ನುವುದಿಲ್ಲ. ಎರಡು ಬೆರಳ ನಡುವೆ ಉಜ್ಜಿದರೆ ಸಣ್ಣ ತರಿ ಸಿಗುತ್ತದೆ. ಮಾಲ್ದಂಡಿ ತಳಿಯ ಜೋಳಕ್ಕೆ ಅದೇ ಹದ.

ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹಾಕಿದ ದಿನ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. ಇವರು ಮೊದಲು ತಮ್ಮದೇ ಒಡಕು ಜೋಳ ಬೀಸಿ, ಆ ಹಿಟ್ಟನ್ನು ಬೇರೆ ತೆಗೆದು, ಆಮೇಲೆ ಗಿರಾಕಿಯದು ಹಾಕುತ್ತಾರೆ. ಎಲ್ಲ ಗಿರಣಿಯವರೂ ಇಷ್ಟು ಮಾಡುವುದಿಲ್ಲ. ಖಾರದಪುಡಿಗೆ ಬೇರೆ ಮಷೀನು ಇದೆ.

ಕೊರತೆ ಗೋಧಿಯ ವಿಷಯದಲ್ಲಿ. ಗದ್ದಲವಿರುವ ಭಾನುವಾರ ಜೋಳ, ಗೋಧಿ ಎರಡೂ ಒಂದೇ ಕಲ್ಲಿಗೆ ಬೀಳುತ್ತವೆ; ಹಿಂದಿನವರ ಗೋಧಿ ಹಿಟ್ಟು ನಿಮ್ಮ ಡಬ್ಬಿಗೆ ಬಂದೇ ಬರುತ್ತದೆ. ಗೋಧಿ ಆಗದವರು ಮನೆಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ಅಂಥವರು ಜೋಳಕ್ಕೆ ಮಾತ್ರ ಮೀಸಲಾದ ಕಲ್ಲು ಹುಡುಕುವುದೇ ಸರಿ. ಉಳಿದವರು ವಾರದ ದಿನ ಬೆಳಿಗ್ಗೆ ಬರಲಿ.

ತೊಳೆದ ಜೋಳ ತರುವುದಾದರೆ ಕಟಕಟ ಅನ್ನುವ ಹಾಗೆ ಒಣಗಿರಬೇಕು. ಹಸಿ ಉಳಿದರೆ ಹಿಟ್ಟು ಕಲ್ಲಿನ ಗೀರಿನೊಳಗೆ ಮೆತ್ತಿ ಕಲ್ಲು ಕಾಯುತ್ತದೆ. ಬೀಸಿದ ಹಿಟ್ಟನ್ನು ಮನೆಗೆ ತಂದ ಕೂಡಲೇ ಮುಚ್ಚಬೇಡಿ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ, ಇಲ್ಲವಾದರೆ ಬೆವರಿ ಗಂಟು ಕಟ್ಟುತ್ತದೆ. ಕಾಳಿನೊಳಗೆ ಮೊಳಕೆಯೊಡೆಯುವ ಭಾಗದ ಎಣ್ಣೆಯಂಶದಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಬೇಸಿಗೆಯಲ್ಲಿ ಒಂದು ವಾರಕ್ಕಾಗುವಷ್ಟೇ ಬೀಸಿಸಿ.

ನುಚ್ಚು ಬೇಕಿದ್ದರೆ ಮಾತ್ರ ಇಲ್ಲಿಗೆ ಬರಬೇಡಿ. ಸಂದು ಎಷ್ಟು ಸಡಿಲಿಸಿದರೂ ಅರ್ಧಕ್ಕರ್ಧ ಹಿಟ್ಟೇ ಬರುತ್ತದೆ.