ಆರತಕ್ಷತೆಗೆ ಡಿಜೆ, ಆರ್ಕೆಸ್ಟ್ರಾ, ಇಲ್ಲಾ ಮೂವರ ವಾದ್ಯ? ಕುರ್ಚಿ ಲೆಕ್ಕ ಸಮೇತ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಲ್ಯಾಣ ಮಂಟಪದಲ್ಲಿ ಐದಾರು ನೂರು ಜನರ ಆರತಕ್ಷತೆ ಎಂದರೆ ನನ್ನ ಓಟು ಮೂವರ ವಾದ್ಯಕ್ಕೇ. ಕೊಳಲು, ತಬಲಾ, ಕೀಬೋರ್ಡ್. ಜೊತೆಗೆ ನಾಲ್ಕು ಸಣ್ಣ ಸ್ಪೀಕರ್, ಏಳೆಂಟು ಕುರ್ಚಿಯ ಗಿಡ್ಡ ಸಾಲುಗಳು. ಡಿಜೆ ಮತ್ತು ರೌಂಡ್ ಟೇಬಲ್, ಆರ್ಕೆಸ್ಟ್ರಾ ಮತ್ತು ಉದ್ದುದ್ದ ಸಾಲು, ಬರೀ ಪೆನ್‌ಡ್ರೈವ್ ಹಾಡು, ಇವನ್ನೂ ಮಾಡಿ ನೋಡಿದ್ದಾಗಿದೆ. ಸಂಗೀತ ಒಬ್ಬರಿಗೆ, ಕುರ್ಚಿ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟು ಸುಮ್ಮನಾದರೆ ಅಲ್ಲೇ ಎಡವಟ್ಟು ಶುರು. ಸೌಂಡ್‌ನವರು ಬಾಕ್ಸ್ ಎಲ್ಲಿ ಇಡುತ್ತಾರೋ ನೋಡಿಕೊಂಡೇ ಜನ ಕೂರುವ ಜಾಗ ಆರಿಸುತ್ತಾರೆ. ಶಾಮಿಯಾನದವರು ಹಾಕಿದ ಸಾಲು ಅರ್ಧ ಗಂಟೆಯಲ್ಲಿ ಚದುರಿರುತ್ತದೆ.

ಹೇಗೆಂದರೆ: ಡಿಜೆ ಇರಲಿ, ಆರ್ಕೆಸ್ಟ್ರಾ ಇರಲಿ, ವೇದಿಕೆಯ ಎಡಕ್ಕೊಂದು ಬಲಕ್ಕೊಂದು ದೊಡ್ಡ ಬಾಕ್ಸ್ ನಿಲ್ಲಿಸಿ ಅಲ್ಲಿಂದಲೇ ಇಡೀ ಹಾಲಿಗೆ ಕೇಳಿಸಲು ನೋಡುತ್ತಾರೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. 24 ಮೀಟರ್ ಹಿಂದೆ ಕೂತವರಿಗೆ 77 ಡೆಸಿಬಲ್ ಸಿಗಬೇಕೆಂದರೆ 3 ಮೀಟರ್ ದೂರದ ಮೊದಲ ಸಾಲು 95 ಡೆಸಿಬಲ್ ತಿನ್ನಬೇಕು. ಮಾಮೂಲಿ ಮಾತುಕತೆ 60ರ ಆಸುಪಾಸು. ಹಾಲಿನ ಒಳಗೆ ಸದ್ದು ಅಷ್ಟು ಇಳಿಯುವುದಿಲ್ಲ ನಿಜ, ಆದರೆ ನಮ್ಮ ಕಡೆಯ ಮಂಟಪಗಳಲ್ಲಿ ನೆಲ ಗ್ರಾನೈಟ್, ಗೋಡೆ ನುಣುಪು, ಎಷ್ಟೋ ಕಡೆ ಮೇಲೆ ತಗಡು. ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಸದ್ದು ಗೋಡೆಗೆ ಬಡಿದು ತಿರುಗಿ ಬಂದು ಹಿಂದಿನವರಿಗೆ ಬರೀ ಗೊಂಯ್ ಎನ್ನುತ್ತದೆ. ಮೈಕಿನಲ್ಲಿ ಯಾರ ಹೆಸರು ಕರೆದರೆಂದೇ ತಿಳಿಯುವುದಿಲ್ಲ. ಹಿಂದಿನವರು ಕೇಳಿಸಲಿಲ್ಲ ಎಂದರೆ ಸೌಂಡ್‌ನವನು ಇನ್ನಷ್ಟು ಏರಿಸುತ್ತಾನೆ. ಏರಿಸಿದರೆ ಗೊಂಯ್ ಜಾಸ್ತಿಯಾಗುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ.

ಆಗ ಮುಂದಿನ ಮೂರು ಸಾಲು ಖಾಲಿಯಾಗುತ್ತದೆ. ಹಿರಿಯರಿಗೆಂದು ಸೋಫಾ ಹಾಕಿರುವುದು ಅಲ್ಲೇ! ಬೀಗರ ಕಡೆಯ ಅಜ್ಜ ಎರಡು ಹಾಡು ತಡೆದುಕೊಂಡು, ಕಿವಿ ಮುಚ್ಚಿಕೊಂಡು ಎದ್ದು ಊಟದ ಹಾಲಿನ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಹೋಗುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಗ್ರಾನೈಟಿನ ಮೇಲೆ ಸರ್ರನೆ ಜಾರುತ್ತದಲ್ಲ, ಉಳಿದವರೂ ಎಳೆಯುತ್ತಾರೆ. ನಡುವಿನ ದಾರಿ ಮುಚ್ಚಿತು. ಆಯಾರ (ಉಡುಗೊರೆ) ಮಾಡಲು ವೇದಿಕೆಗೆ ಹೊರಟ ಸಾಲು ಅದೇ ದಾರಿಯಲ್ಲಿ ಸಿಕ್ಕಿಕೊಂಡಿತು. ಊಟಕ್ಕೆ ಹೋಗುವವರು ಅಡ್ಡ ಬಂದರು. ಫೋಟೊದವರು ಬೈಯ್ಯಲು ಶುರು ಮಾಡಿದರು.

ನಾಲ್ಕು ಸಣ್ಣ ಸ್ಪೀಕರಿನಿಂದ ಈ ತಾಪತ್ರಯ ಹೆಚ್ಚುಕಡಿಮೆ ತಪ್ಪುತ್ತದೆ. 10 ಅಥವಾ 12 ಇಂಚಿನವು ಸಾಕು. ಎರಡು ವೇದಿಕೆಯ ಬದಿಗೆ, ಇನ್ನೆರಡು ಹಾಲಿನ ನಡುಮಧ್ಯದ ಕಂಬಗಳ ಹತ್ತಿರ, ಹಿಂದಿನ ಗೋಡೆಯ ಕಡೆ ಮುಖ ಮಾಡಿ. ಸ್ಟ್ಯಾಂಡು 7 ಅಡಿ ಎತ್ತರ ಇರಲಿ, ಮೂತಿ ತುಸು ಕೆಳಗೆ ಬಾಗಿರಲಿ. ಕೂತವರ ತಲೆಯ ಮಟ್ಟಕ್ಕೆ ಇಟ್ಟರೆ ಮುಂದಿನವರ ಮೈಯೇ ಸದ್ದು ತಡೆಯುತ್ತದೆ. ಹಿಂದಿನ ಜೋಡಿಗೆ ಮಿಕ್ಸರಿನಲ್ಲಿ ಡಿಲೇ, ಅಂದರೆ ಸದ್ದನ್ನು ತುಸು ತಡಮಾಡಿ ಬಿಡುವ ವ್ಯವಸ್ಥೆ, ಹಾಕಿಸಲೇಬೇಕು. ಸದ್ದಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ 15 ಮೀಟರ್ ಅಂತರವಿದ್ದರೆ 45 ಮಿಲಿಸೆಕೆಂಡ್. ಇದನ್ನು ಬಿಟ್ಟರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ‘ಡಿಲೇ ಇರೋ ಮಿಕ್ಸರ್ ಐತೇನ್ರಿ?’ ಎಂದು ಬುಕ್ ಮಾಡುವಾಗಲೇ ಕೇಳಿ. ಇಲ್ಲ ಎಂದರೆ ಬೇರೆಯವರನ್ನು ನೋಡಿ.

ಸದ್ದು ಎಷ್ಟಿರಬೇಕು ಎಂಬುದಕ್ಕೆ ಮೀಟರ್ ಬೇಡ. ಇಬ್ಬರು ಒಂದು ಕೈ ದೂರದಲ್ಲಿ ಕೂತು, ದನಿ ಏರಿಸದೆ ಮಾತಾಡಿ ನೋಡಬೇಕು. ಮೊದಲ ಸಾಲು, ನಡು, ಕೊನೆ ಮೂರೂ ಕಡೆ. ಖಾಲಿ ಹಾಲಿನಲ್ಲಿ ತುಸು ಜೋರೆನಿಸಿದರೆ ಚಿಂತೆಯಿಲ್ಲ, ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಸದ್ದು ಹೀರುತ್ತವೆ.

ಹುಡುಗರು ಕುಣಿಯುವ ಮದುವೆಗೆ ಡಿಜೆ ಸರಿ. 20 ಅಡಿ ಚೌಕದ ಜಾಗ ಬಿಟ್ಟು, ಊಟ ಮುಗಿದ ಮೇಲೆ ಒಂದು ಗಂಟೆ ಹಚ್ಚಿದರೆ ಯಾರ ತಕರಾರೂ ಇರುವುದಿಲ್ಲ. ಆದರೆ ಗಡಿಯಾರ ನೋಡಿಕೊಳ್ಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಆರ್ಕೆಸ್ಟ್ರಾ ಎಂದರೆ ಏಳೆಂಟು ಜನ, ಅವರಿಗೇ 16ಕ್ಕೆ 10 ಅಡಿಯ ಬೇರೆ ವೇದಿಕೆ. ಹಾಡುಗಾರರು ಒಳ್ಳೆಯವರೇ ಸಿಗುತ್ತಾರೆ, ಕನ್ನಡ, ತೆಲುಗು, ಹಿಂದಿ ಮೂರೂ ಹಾಡುತ್ತಾರೆ, ನಮ್ಮ ಗಡಿ ಜಿಲ್ಲೆಗಳಲ್ಲಿ ತೆಲುಗು ಹಾಡಿಗೆ ಬೇಡಿಕೆ ಬಂದೇ ಬರುತ್ತದೆ. ತೊಂದರೆ ನಿರೂಪಕನದು. ಬಂದ ಪ್ರತಿ ಗಣ್ಯರ ಹೆಸರಿಗೂ ಹಿಂದೊಂದು ಮುಂದೊಂದು ಬಿರುದು ಸೇರಿಸಿ ಕೂಗುತ್ತಾನೆ, ಹಾಡಿಗಿಂತ ಅವನ ಮಾತೇ ಉದ್ದ.

ಪೆನ್‌ಡ್ರೈವ್ ಎಲ್ಲಕ್ಕಿಂತ ಅಗ್ಗ. ಮೊಬೈಲಿನ ಬ್ಲೂಟೂತ್ ಮಾತ್ರ ಬೇಡ. ಯಾರದೋ ಕರೆ ಬಂದು ರಿಂಗ್‌ಟೋನ್ ಇಡೀ ಹಾಲಿಗೆ ಬಡಿಯುತ್ತದೆ. ಮದುವೆಯಲ್ಲಿ ರೆಕಾರ್ಡ್ ಹಾಡು ಹಚ್ಚಲು ಲೈಸೆನ್ಸ್ ತನ್ನಿ ಎಂದು ಮಂಟಪದವರು ಕೇಳಿದರೆ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಮದುವೆಗೆ ವಿನಾಯಿತಿ ಇದೆ ಎಂದು ತೋರಿಸಿ.

ಮೂವರ ವಾದ್ಯಕ್ಕೆ 8ಕ್ಕೆ 6 ಅಡಿಯ, ಒಂದಡಿ ಎತ್ತರದ ಕಟ್ಟೆ, ಮೇಲೊಂದು ಜಮಖಾನ ಸಾಕು. ರಾಯಚೂರು ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ವಚನ ಹಾಡಿದ ಊರು. ಹಿಂದೂಸ್ತಾನಿ ಕಲಿತು ನುಡಿಸುವವರು ಈ ಭಾಗದಲ್ಲಿ ಹುಡುಕಿದರೆ ಸಿಗುತ್ತಾರೆ. ಸನಾದಿ ಬೇಕೆಂದರೆ ಬಾಗಿಲಲ್ಲಿ ಸ್ವಾಗತಕ್ಕೆ ಇಡಿ, ಮೈಕೂ ಬೇಡ. ಹಾಲಿನೊಳಗೆ ಅದು ಜೋರಾಗುತ್ತದೆ. ಇಪ್ಪತ್ತು ಹಾಡಿನ ಪಟ್ಟಿ ಮೊದಲೇ ಕೊಟ್ಟುಬಿಡಿ, ಒಂದೊಂದಕ್ಕೆ ಐದು ನಿಮಿಷವೆಂದರೂ 100 ನಿಮಿಷವಾಯಿತು. ಅಷ್ಟೇ ಸಾಕು ಏಕೆಂದರೆ 600 ಜನ ನಾಲ್ಕು ನಾಲ್ಕು ಮಂದಿಯಾಗಿ ವೇದಿಕೆ ಹತ್ತಿದರೆ 150 ಗುಂಪು, ಗುಂಪಿಗೆ 40 ಸೆಕೆಂಡ್ ಹಿಡಿದರೆ ಅದೂ 100 ನಿಮಿಷವೇ.

ಇದರಲ್ಲೂ ಕಿರಿಕಿರಿ ಇಲ್ಲವೆಂದಲ್ಲ. ಬೇಸಿಗೆಯಲ್ಲಿ ಕೂಲರ್ ಗಾಳಿ ಕೊಳಲಿನ ಮೈಕಿಗೆ ಬಡಿದರೆ ಬುಸ್ಸೆಂದು ಸದ್ದು ಬರುತ್ತದೆ, ಮೈಕಿಗೆ ಸ್ಪಂಜಿನ ಟೋಪಿ ಬೇಕು. ಅದೇ ಕೂಲರಿನ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ತಬಲಾದವರು ಹಾಡಿಗೊಮ್ಮೆ ಸುತ್ತಿಗೆ ಹಿಡಿಯಬೇಕಾಗುತ್ತದೆ. ಕೂಲರನ್ನು ಜನರ ಕಡೆ ತಿರುಗಿಸಿ, ವಾದ್ಯದವರಿಗೆ ಮೇಲಿನ ಫ್ಯಾನ್ ಬಿಡಿ. ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ಕೀಬೋರ್ಡ್, ಮಿಕ್ಸರ್ ಎರಡೂ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಒಂದು ಕೆವಿಎ ಯುಪಿಎಸ್ ಇವೆರಡಕ್ಕೆ ಧಾರಾಳ. ಸೀರಿಯಲ್ ಲೈಟಿನ ಲೈನಿಗೇ ಸೌಂಡ್ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಬಿಡುವುದಿಲ್ಲ, ಬೇರೆ ಪಾಯಿಂಟ್ ಕೇಳಿ.

ಇನ್ನು ಕುರ್ಚಿ. ರೌಂಡ್ ಟೇಬಲ್ ಫೋಟೊದಲ್ಲಿ ಚೆಂದ, ನಮ್ಮ ಮದುವೆಗೆ ದಂಡ. 5 ಅಡಿಯ ಟೇಬಲ್ ಸುತ್ತ ಎಂಟು ಕುರ್ಚಿ ಹಾಕಿ ಓಡಾಡಲು ಜಾಗ ಬಿಟ್ಟರೆ 10 ಅಡಿ ಚೌಕ ಹೋಯಿತು, ತಲೆಗೆ 12.5 ಚದರ ಅಡಿ. ಸಾಲಿನಲ್ಲಾದರೆ ದಾರಿ ಸೇರಿಸಿ ತಲೆಗೆ 8. 60ಕ್ಕೆ 60 ಅಡಿ ಜಾಗದಲ್ಲಿ ಸಾಲು ಹಾಕಿದರೆ 450 ಜನ, ಟೇಬಲ್ ಹಾಕಿದರೆ 288. ಮೇಲಾಗಿ ಮೂರು ಜನರ ಸಂಸಾರವೊಂದು ಕೂತ ಟೇಬಲ್ಲಿಗೆ ಪರಿಚಯವಿಲ್ಲದವರು ಬಂದು ಕೂರುವುದಿಲ್ಲ, ಐದು ಕುರ್ಚಿ ಖಾಲಿಯೇ. ಊಟ ಹೇಗೂ ಬೇರೆ ಹಾಲಿನಲ್ಲಿ, ಪಂಕ್ತಿಯಲ್ಲಿ. ಟೇಬಲ್ ಮೇಲೆ ಉಳಿಯುವುದು ವ್ಯಾನಿಟಿ ಬ್ಯಾಗು, ಜ್ಯೂಸಿನ ಲೋಟ.

600 ಜನಕ್ಕೆ 600 ಕುರ್ಚಿಯೂ ಬೇಡ. ಒಂದಷ್ಟು ಜನ ಊಟದಲ್ಲಿ, ಒಂದಷ್ಟು ಆಯಾರದ ಸಾಲಿನಲ್ಲಿ, ಒಂದಷ್ಟು ಹೊರಗೆ ಹರಟೆಯಲ್ಲಿ ಇರುತ್ತಾರೆ. 300 ಹಾಕಿ, 50 ಮೂಲೆಯಲ್ಲಿ ಪೇರಿಸಿಡುವುದು ನನ್ನ ರೂಢಿ. ಕೈಯಿರುವ ಪ್ಲಾಸ್ಟಿಕ್ ಕುರ್ಚಿಗೆ 2 ಅಡಿ ಅಗಲ ಹಿಡಿಯಿರಿ, ಸಾಲಿನಿಂದ ಸಾಲಿಗೆ 3 ಅಡಿ. ಒಂದೇ ಸಾಲಿನಲ್ಲಿ ಹದಿನೈದು ಕುರ್ಚಿ ಹಾಕಿದರೆ ನಡುವೆ ಕೂತವರು ಏಳಲು ಏಳು ಜನರ ಮೊಣಕಾಲು ದಾಟಬೇಕು. ನಡುವೆ 6 ಅಡಿ ದಾರಿ ಊಟಕ್ಕೆ, ಎಡಗೋಡೆಗೆ 5 ಅಡಿ ದಾರಿ ಆಯಾರದವರಿಗೆ. ಎಡಕ್ಕೆ ಹತ್ತಿ ಬಲಕ್ಕೆ ಇಳಿಯಲಿ, ಬಲಕ್ಕೆ ಇಳಿದವರ ಎದುರೇ ಊಟದ ಹಾಲಿನ ಬಾಗಿಲು ಇದ್ದರೆ ಅರ್ಧ ಗದ್ದಲ ಕಡಿಮೆ. ಸೋಫಾಗಳನ್ನು ಮೊದಲ ಸಾಲಿನಿಂದ ಕಿತ್ತು ಬಲಬದಿಯಲ್ಲಿ, ಹಾಲಿನ ಮೂರನೇ ಒಂದು ಭಾಗ ಹಿಂದಕ್ಕೆ ಹಾಕಿಸಿ. ಅಲ್ಲಿ ಸ್ಪೀಕರ್ ಹತ್ತಿರವಿಲ್ಲ, ವಿಡಿಯೊದವರ ಬೆನ್ನೂ ಅಡ್ಡ ಬರುವುದಿಲ್ಲ, ಶೌಚಾಲಯವೂ ದೂರವಾಗುವುದಿಲ್ಲ. ಸ್ಪೀಕರಿನ ವೈರ್ ದಾರಿ ದಾಟುವ ಕಡೆ ಟೇಪ್ ಅಂಟಿಸಿ ಮೇಲೆ ಜಮಖಾನ ಎಳೆಯಲಿ, ಸೀರೆ ಉಟ್ಟವರ ಕಾಲು ಸಿಕ್ಕಿಕೊಳ್ಳುವುದೇ ಅಲ್ಲಿ.

ಕುರ್ಚಿಗೆ ಸ್ಯಾಟಿನ್ ಕವರ್, ರಿಬ್ಬನ್ ಬೇಡವೇ ಬೇಡ. ಎಷ್ಟೋ ಸಲ ಕುರ್ಚಿ ಬಾಡಿಗೆಗಿಂತ ಅದರ ಬಾಡಿಗೆಯೇ ಜಾಸ್ತಿ, ಬೇಸಿಗೆಯಲ್ಲಿ ಕೂತವರ ಬೆನ್ನಿಗೆ ಬೆವರು ಬೇರೆ. ಆ ದುಡ್ಡಿನಲ್ಲಿ ಇನ್ನೆರಡು ಸ್ಪೀಕರಿನ ಬಾಡಿಗೆ ಗಿಟ್ಟುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಟೇಬಲ್ಲಿಗೆ ಒಪ್ಪುತ್ತೇನೆ: ಡಿಸೆಂಬರ್ ಚಳಿಯಲ್ಲಿ ಬಯಲಿನ ಲಾನ್, 200ರೊಳಗೆ ಜನ, ಬಫೆ ಊಟ. ಗೋಡೆಯಿಲ್ಲದ ಕಡೆ ಗೊಂಯ್ ಎನ್ನುವ ಸದ್ದೂ ಇರುವುದಿಲ್ಲ, ವಾದ್ಯದವರನ್ನು ಲಾನಿನ ನಡುಬದಿಯಲ್ಲಿ ಕೂರಿಸಿದರೆ ಎರಡೇ ಸ್ಪೀಕರಿನಲ್ಲಿ ಕೆಲಸ ಮುಗಿಯುತ್ತದೆ.